ನೆಲದೊಳಗಿನ ಕೆಲಸ

ಮಂಡ್ಯದಿಂದ ಸುಮಾರು 25 ಕಿಲೋಮೀಟರ್ ದೂರದಲ್ಲಿರುವ ಬಸರಾಳಿನ ಮಲ್ಲಿಕಾರ್ಜುನ ದೇವಾಲಯಕ್ಕೆ ಹೋದವರ ಕಣ್ಣು ಮೊದಲು ನಿಲ್ಲುವುದು ಅದರ ಗೋಡೆಯ ಮೇಲೆ. ಆನೆಗಳು, ಕುದುರೆ ಸವಾರರು, ಬಳ್ಳಿಗಳು, ಪುರಾಣದ ಕಥೆಗಳು, ಹಂಸಗಳು ಸಾಲುಸಾಲಾಗಿ ಸುತ್ತಿಕೊಂಡಿರುವ ಆ ಗೋಡೆಯ ಸೊಬಗನ್ನು ಬಲ್ಲವರು ಬಣ್ಣಿಸಿದ್ದಾರೆ. ಹೊಯ್ಸಳ ಇಮ್ಮಡಿ ನರಸಿಂಹನ ಕಾಲದಲ್ಲಿ, 1234ರ ಸುಮಾರಿಗೆ, ಹರಿಹರ ದಣ್ಣಾಯಕನು ಇದನ್ನು ಕಟ್ಟಿಸಿದನೆಂಬುದೂ ತಿಳಿದ ಸಂಗತಿಯೇ. ಇಂದು ನಾನು ಹೇಳಬೇಕೆಂದಿರುವುದು ಆ ಗೋಡೆಯ ಮಾತಲ್ಲ. ಗೋಡೆಯನ್ನು ಹೊತ್ತಿರುವ ನೆಲದ ಮಾತು.

ಕಲ್ಲಿನ ಭಾರವನ್ನು ನಾವು ಸಾಮಾನ್ಯವಾಗಿ ಮರೆತುಬಿಡುತ್ತೇವೆ. ಒಂದು ಮೀಟರ್ ಉದ್ದ, ಅಗಲ, ಎತ್ತರದ ಬಳಪದ ಕಲ್ಲು ಎರಡೂವರೆ ಟನ್ನಿಗೂ ಹೆಚ್ಚು ತೂಗುತ್ತದೆ. ಹೊಯ್ಸಳರ ಗೋಡೆಗಳಲ್ಲಿ ಕಲ್ಲಿಗೂ ಕಲ್ಲಿಗೂ ನಡುವೆ ಗಾರೆಯ ಬೆಸುಗೆಯಿಲ್ಲ. ಕಲ್ಲು ಕಲ್ಲಿನ ಮೇಲೆ ತನ್ನ ತೂಕದಿಂದಲೇ ಕುಳಿತಿದೆ. ಇಂಥ ಕಟ್ಟಡಕ್ಕೆ ನೆಲವು ಕುಸಿಯುವುದಕ್ಕಿಂತ ಒಂದು ಮೂಲೆಯಲ್ಲಿ ಹೆಚ್ಚು, ಇನ್ನೊಂದು ಮೂಲೆಯಲ್ಲಿ ಕಡಿಮೆ ಕುಸಿಯುವುದೇ ದೊಡ್ಡ ಅಪಾಯ. ಹಾಗಾದಾಗ ಸಂದುಗಳು ಬಾಯಿಬಿಡುತ್ತವೆ, ಕಂಬ ವಾಲುತ್ತದೆ, ತೊಲೆ ಸೀಳುತ್ತದೆ. ಬಸರಾಳಿನಲ್ಲಿಯೂ ಸೋಮನಾಥಪುರ, ಹೊಸಹೊಳಲುಗಳಲ್ಲಿಯೂ ಗುಡಿಯ ಕೆಳಗೆ ಹಾಸಿರುವ ಎತ್ತರದ ಜಗತಿಯನ್ನು ನಾವು ಪ್ರದಕ್ಷಿಣೆಯ ಹಾದಿಯೆಂದಷ್ಟೇ ತಿಳಿಯುತ್ತೇವೆ. ಅದು ಮಳೆಯ ನೀರನ್ನು ಗೋಡೆಯ ಬುಡದಿಂದ ದೂರವಿಡುವ ಕಟ್ಟೆಯೂ ಹೌದು.

ಇದೇ ಕಾಲದ ಇನ್ನೊಂದು ಕಟ್ಟಡವನ್ನು ಇದರ ಪಕ್ಕದಲ್ಲಿಟ್ಟು ನೋಡಬಹುದು. ಇಟಲಿಯ ಪೀಸಾ ಗೋಪುರದ ಕೆಲಸ ಮೊದಲಾದದ್ದು 1173ರಲ್ಲಿ. ಅಂದರೆ ಬಸರಾಳಿನ ಗುಡಿಗೆ ಅರವತ್ತು ವರ್ಷ ಮೊದಲು. ಮೆದು ಜೇಡಿಯ ನೆಲದ ಮೇಲೆ ಸುಮಾರು ಮೂರು ಮೀಟರ್ ಆಳದ ಪಾಯ ಹಾಕಿ ಮೇಲೇರಿಸಿದರು. ಮೂರನೆಯ ಅಂತಸ್ತು ಮುಗಿಯುವ ಹೊತ್ತಿಗಾಗಲೇ ಅದು ವಾಲತೊಡಗಿತ್ತು. ಅಮೃತಶಿಲೆಯ ಶಿಲ್ಪಿಗಳಲ್ಲಿ ಕೊರತೆಯಿರಲಿಲ್ಲ. ಕೊರತೆ ಇದ್ದದ್ದು ಮಣ್ಣಿನಲ್ಲಿ. ಕಡೆಗೆ ನಮ್ಮ ಕಾಲದ ತಜ್ಞರು ಎತ್ತರದ ಬದಿಯ ಅಡಿಯಿಂದ ಸ್ವಲ್ಪ ಸ್ವಲ್ಪವಾಗಿ ಮಣ್ಣನ್ನು ತೆಗೆದು, 2001ರ ಹೊತ್ತಿಗೆ ಅದನ್ನು ಬೀಳದಂತೆ ನಿಲ್ಲಿಸಿದರು. ರೋಗವೂ ಮಣ್ಣಿನದು, ಔಷಧವೂ ಮಣ್ಣಿನದೇ ಆಯಿತು.

ನಮ್ಮ ಸ್ಥಪತಿಗಳ ಪರಂಪರೆಗೆ ಮಣ್ಣಿನ ಪರೀಕ್ಷೆ ಹೊಸದಾಗಿರಲಿಲ್ಲ. ಆರನೆಯ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಅದರ ವಿಧಾನವಿದೆ. ಮನೆಯ ನೆಲದಲ್ಲಿ ಒಂದು ಮೊಳದ ಗುಂಡಿ ತೋಡಿ, ತೆಗೆದ ಮಣ್ಣನ್ನು ಮತ್ತೆ ಅದೇ ಗುಂಡಿಗೆ ತುಂಬಬೇಕು. ಮಣ್ಣು ಮಿಕ್ಕರೆ ನೆಲ ಉತ್ತಮ, ಸರಿಹೋದರೆ ಮಧ್ಯಮ, ಸಾಲದಾದರೆ ಅಧಮ. ಇಲ್ಲವೆ, ಗುಂಡಿಗೆ ನೀರು ತುಂಬಿ, ನೂರು ಹೆಜ್ಜೆ ನಡೆದು ಹಿಂದಿರುಗಿ ಬಂದು, ನೀರು ಎಷ್ಟು ಇಂಗಿದೆಯೆಂದು ನೋಡಬೇಕು. ಇದು ಮೂಢನಂಬಿಕೆಯೆಂದು ತಳ್ಳಿಹಾಕುವ ಮುನ್ನ ಯೋಚಿಸಬೇಕು. ಗಟ್ಟಿಯಾಗಿ ಕಚ್ಚಿಕೊಂಡಿರುವ ನೆಲವನ್ನು ಅಗೆದಾಗ ಮಣ್ಣು ಉಬ್ಬುತ್ತದೆ, ಆದ್ದರಿಂದ ಮಿಗುತ್ತದೆ. ಟೊಳ್ಳಾದ, ತುಂಬಿದ ಮಣ್ಣಿನ ನೆಲದಲ್ಲಿ ಅದು ಕುಗ್ಗುತ್ತದೆ. ನೀರಿನ ಪರೀಕ್ಷೆ ನೆಲದ ಸಡಿಲವನ್ನು ತಿಳಿಸುತ್ತದೆ. ಕಾರ್ಲ್ ಟೆರ್ಜಾಘಿಯ 1925ರ ಗ್ರಂಥದಿಂದ ಮಣ್ಣಿನ ಯಂತ್ರಶಾಸ್ತ್ರವು ಪ್ರತ್ಯೇಕ ವಿಜ್ಞಾನವಾಯಿತು. ಆದರೆ ಅದು ಕೇಳುವ ಮೊದಲ ಪ್ರಶ್ನೆಯನ್ನು ಈ ಒಂದು ಮೊಳದ ಗುಂಡಿಯೂ ಕೇಳಿತ್ತು. ದಕ್ಷಿಣದ ಮಯಮತವು ಪಾಯವನ್ನು ಬಂಡೆ ಅಥವಾ ನೀರು ಕಾಣುವವರೆಗೂ ತೋಡಿ, ಮರಳು ತುಂಬಿ, ಮರದ ದಿಮ್ಮಿಗಳಿಂದ ಕುಟ್ಟಿ ಗಟ್ಟಿಮಾಡಲು ಹೇಳುತ್ತದೆ. ನಮ್ಮ ಕಡೆಯ ದಿಮ್ಮಸು ಅದೇ ವಂಶದ್ದು. ಮಣ್ಣಿನ ಬಣ್ಣ ನೋಡಿ ಇಂಥ ನೆಲ ಇಂಥ ವರ್ಣದವರಿಗೆಂದು ಹಂಚುವ ಮಾತುಗಳೂ ಆ ಗ್ರಂಥಗಳಲ್ಲಿವೆ. ಅವನ್ನು ಆ ಕಾಲಕ್ಕೇ ಬಿಟ್ಟುಬಿಡೋಣ. ಪರೀಕ್ಷೆಯನ್ನು ಮಾತ್ರ ಉಳಿಸಿಕೊಳ್ಳಬೇಕಾಗಿತ್ತು.

ಆದರೆ ನಾವು ಮಾಡಿದ್ದೇನು? ಗುದ್ದಲಿಪೂಜೆಯನ್ನು ತಪ್ಪದೆ ಮಾಡುತ್ತೇವೆ. ಗುಂಡಿ ತೋಡುತ್ತೇವೆ, ಅರಿಶಿನ ಕುಂಕುಮ ಹಾಕುತ್ತೇವೆ, ತೆಂಗಿನಕಾಯಿ ಒಡೆಯುತ್ತೇವೆ. ಆ ಗುಂಡಿಯ ಮಣ್ಣನ್ನು ಮಾತ್ರ ಯಾರೂ ಬಗ್ಗಿ ನೋಡುವುದಿಲ್ಲ. ಪೂಜೆಯಿಂದ ಪರೀಕ್ಷೆ ಕಳಚಿಹೋಗಿದೆ. ಮಂಡ್ಯದ ಕೆಮ್ಮಣ್ಣು ನೆಲದಲ್ಲಿ ಸ್ವಲ್ಪ ಆಳಕ್ಕೆ ಗೊಚ್ಚು ಸಿಕ್ಕುವುದುಂಟು. ಆದ್ದರಿಂದ ಅನೇಕರಿಗೆ ಈ ಅಲಕ್ಷ್ಯದ ದಂಡ ತಟ್ಟಿಲ್ಲ. ಎರೆಮಣ್ಣಿನ ಕತೆ ಬೇರೆ: ಮಳೆಗೆ ಉಬ್ಬಿ, ಬೇಸಗೆಗೆ ಬಿರಿಯುವ ಆ ನೆಲ ಮನೆಯನ್ನು ವರ್ಷವರ್ಷವೂ ಎತ್ತಿ ಇಳಿಸುತ್ತದೆ. ಕಟ್ಟೆಯೊಡೆದು ತುಂಬಿದ ಕೆರೆಯಂಗಳದ ನಿವೇಶನಗಳ ಮಾತಂತೂ ಹೇಳುವುದೇ ಬೇಡ. ಬೆಂಗಳೂರಿನ ಧರ್ಮಾಂಬುಧಿ ಕೆರೆ ಬಸ್ಸು ನಿಲ್ದಾಣವಾಯಿತು, ಸಂಪಂಗಿ ಕೆರೆ ಕ್ರೀಡಾಂಗಣವಾಯಿತು. ಆ ದಾರಿಯನ್ನೇ ಈಗ ಸಣ್ಣ ಊರುಗಳೂ ಹಿಡಿಯುತ್ತಿವೆ. ಅಲ್ಲಿ ಸಾಲಮಾಡಿ ಮನೆ ಕಟ್ಟುವ ಬಡ ಸಂಸಾರಕ್ಕೆ ತನ್ನ ಹಣವೆಲ್ಲ ಯಾವ ಮಣ್ಣಿನ ಮೇಲೆ ನಿಂತಿದೆಯೆಂದು ತಿಳಿಯುವುದು ಗೋಡೆ ಬಿರಿದ ಮೇಲೆಯೇ.

ಪಾಯಕ್ಕೆ ಸುರಿದ ಹಣ ಕಾಣುವುದಿಲ್ಲ. ಮುಂಬಾಗಿಲಿಗೆ ಸುರಿದದ್ದು ಊರಿಗೆಲ್ಲ ಕಾಣುತ್ತದೆ. ಉಳಿತಾಯದ ಯೋಚನೆ ಬಂದಾಗ ಮೊದಲು ಪಾಯದ ಆಳ ಕಡಿಮೆಯಾಗುವುದು ಇದರಿಂದಲೇ ಎಂದು ನನಗೆ ತೋರುತ್ತದೆ. ಬಸರಾಳಿನ ಗುಡಿಯೊಂದಿಗೆ ದಣ್ಣಾಯಕನ ಹೆಸರು ಉಳಿದುಬಂದಿದೆ. ಗುದ್ದಲಿ ಹಿಡಿದು ನೆಲವನ್ನು ಅಗೆದು, ಕುಟ್ಟಿ, ಸಮಮಾಡಿದವರ ಹೆಸರು ಉಳಿದಿಲ್ಲ. ಎಂಟುನೂರು ವರ್ಷಗಳಿಗೆ ಹತ್ತಿರವಾಗಿ ಕಲ್ಲಿನ ಮೇಲೆ ಕಲ್ಲು ನಿಂತಿರುವುದೇ ಅವರ ಶಾಸನ.