ಹಲವು ವಾದ್ಯ, ಒಂದು ಕಂಠ

ಪದವನ್ನು ತಾನೇ ಕಟ್ಟಿ, ಅದಕ್ಕೆ ರಾಗವನ್ನು ತಾನೇ ಹೊಂದಿಸಿ, ವಾದ್ಯವನ್ನೂ ತಾನೇ ನುಡಿಸುತ್ತ ಸಭೆಯ ಮುಂದೆ ಒಬ್ಬನೇ ನಿಂತು ಹಾಡುವ ಗಾಯಕನನ್ನು ಪಾಶ್ಚಾತ್ಯ ಜಗತ್ತು ಇಂದು ಬಹುವಾಗಿ ಮನ್ನಿಸುತ್ತಿರುವುದು. ಅಮೇರಿಕಾ ದೇಶದಲ್ಲಿ ಹಳ್ಳಿಯ ಹಾಡುಗಳಿಂದ ಬೆಳೆದು ಬಂದ 'ಅಮೇರಿಕಾನಾ' ಎಂಬ ಸಂಗೀತಪ್ರಕಾರದಲ್ಲಿ ಗಿಟಾರು, ಬ್ಯಾಂಜೋ, ಪಿಟೀಲುಗಳೆಲ್ಲವನ್ನೂ ಬಲ್ಲ ಇಂಥ ಗಾಯಕರು ಅನೇಕರುಂಟು. ಆದರೆ ನಮ್ಮ ಸೀಮೆಗೆ ಈ ಪದ್ಧತಿಯು ಹೊಸದೇನೂ ಅಲ್ಲ. ಗಂಗಾವತಿ ತಾಲೂಕಿನ ಆನೆಗೊಂದಿಯಿಂದ ಹೊಳೆ ದಾಟಿದರೆ ಹಂಪೆಯ ದಂಡೆಯಲ್ಲಿ ಪುರಂದರದಾಸರ ಹೆಸರಿನ ಮಂಟಪವು ಇಂದಿಗೂ ನಿಂತಿರುವುದು. ತಂಬೂರಿ ಹಿಡಿದು, ಗೆಜ್ಜೆ ಕಟ್ಟಿ, ಸ್ವಂತ ಪದಗಳನ್ನೇ ಹಾಡಿದ ಹರಿದಾಸರ ನಾಡಿದು.

ಆ ಪರಂಪರೆಯು ನಮ್ಮ ಕಾಲದಲ್ಲಿ ಬೇರೊಂದು ರೂಪವನ್ನು ತಾಳಿದ ಬಗೆಯನ್ನು ನೆರೆಯ ಗದಗಿನ ಪಂಡಿತ ಪುಟ್ಟರಾಜ ಗವಾಯಿಗಳಲ್ಲಿ ಕಾಣಬಹುದು. ಇವರು 1914ರ ಮಾರ್ಚ 3ರಂದು ಈಗಿನ ಹಾವೇರಿ ಜಿಲ್ಲೆಯ ದೇವಗಿರಿಯಲ್ಲಿ ಬಡ ಮನೆತನವೊಂದರಲ್ಲಿ ಜನಿಸಿ, ಎಳವೆಯಲ್ಲಿಯೇ ಕಣ್ಣುಗಳನ್ನು ಕಳೆದುಕೊಂಡರು. ಸೋದರಮಾವನ ಹಾರ್ಮೋನಿಯಮ್ಮಿನ ಮೇಲೆ ಬಾಲಕನ ಬೆರಳುಗಳು ತಾವಾಗಿಯೇ ಸ್ವರವನ್ನು ಅರಸುತ್ತಿರಲು, ಆತನು ಇವರನ್ನು ಪಂಚಾಕ್ಷರಿ ಗವಾಯಿಗಳ ಬಳಿಗೆ ಒಯ್ದನು. ಆ ಗುರುಗಳೂ ಅಂಧರೇ. ಅವರಲ್ಲಿ ಹಿಂದುಸ್ತಾನಿ ಸಂಗೀತವನ್ನೂ, ಮುಂಡರಗಿ ರಾಘವೇಂದ್ರಾಚಾರ್ಯರಲ್ಲಿ ಕರ್ನಾಟಕ ಸಂಗೀತವನ್ನೂ ಕಲಿತು, ಹಾರ್ಮೋನಿಯಂ, ತಬಲಾ, ಪಿಟೀಲು ಮೊದಲಾದ ಹಲವು ವಾದ್ಯಗಳನ್ನು ಕೈವಶ ಮಾಡಿಕೊಂಡರು. ಕನ್ನಡ, ಸಂಸ್ಕೃತ, ಹಿಂದಿಗಳಲ್ಲಿ ಕೃತಿಗಳನ್ನು ರಚಿಸಿದರು, ನಾಟಕಗಳನ್ನು ಬರೆದರು.

ಒಂದೇ ವಿದ್ಯೆಯನ್ನು ಹಿಡಿದು ಕುಳಿತಿದ್ದರೆ ಅವರು ಇನ್ನೂ ಹೆಚ್ಚಿನ ಗವಾಯಿಗಳಾಗುತ್ತಿದ್ದರಲ್ಲವೇ ಎಂದು ಕೇಳುವವರುಂಟು. ಪ್ರಶ್ನೆಯು ತೆಗೆದುಹಾಕತಕ್ಕದ್ದಲ್ಲ, ಬಹುವಿದ್ಯೆಯು ಏಕಾಗ್ರತೆಯನ್ನು ಹಂಚುವುದು ನಿಜ. ಆದರೆ 1944ರಲ್ಲಿ ಗುರುಗಳು ಲಿಂಗೈಕ್ಯರಾದ ಬಳಿಕ ವೀರೇಶ್ವರ ಪುಣ್ಯಾಶ್ರಮದ ಭಾರವು ಈ ಮೂವತ್ತು ವರ್ಷದ ಅಂಧ ಯುವಕನ ಹೆಗಲಿಗೆ ಬಿದ್ದಿತೆಂಬುದನ್ನು ಮರೆಯಲಾಗದು. ಅಲ್ಲಿ ಸೇರಿದ ಅಂಧ, ಅನಾಥ ಬಾಲಕರಲ್ಲಿ ಒಬ್ಬನಿಗೆ ಕಂಠವಿದ್ದರೆ ಇನ್ನೊಬ್ಬನಿಗೆ ಕೈಯಲ್ಲಿ ಲಯ. ಗುರುವು ಒಂದನ್ನೇ ಬಲ್ಲವನಾಗಿದ್ದರೆ ಉಳಿದವರು ಬರಿಗೈಯಲ್ಲಿ ಹಿಂದಿರುಗಬೇಕಾಗಿದ್ದಿತು. ನಾಟಕ ಮಂಡಳಿಯ ಉತ್ಪನ್ನವೂ ಭಕ್ತರು ಮಾಡಿಸಿದ ತುಲಾಭಾರಗಳ ಹಣವೂ ಆಶ್ರಮದ ಅನ್ನಕ್ಕೇ ಸಂದವು. ಆದುದರಿಂದ ಅವರ ಬಹುವಾದ್ಯ ಪಾಂಡಿತ್ಯವು ವೈಯಕ್ತಿಕ ಕೀರ್ತಿಯ ಅಲಂಕಾರವಾಗಿರದೆ ಹಲವು ಮಕ್ಕಳ ಜೀವನೋಪಾಯವಾಯಿತು. ಕೀರ್ತಿಯಾದರೋ ಕರೆಯದೆಯೇ ಬಂದಿತು: 1998ರಲ್ಲಿ ಕೇಂದ್ರ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿ, 2010ರಲ್ಲಿ ಪದ್ಮಭೂಷಣ.

1948ಕ್ಕೆ ಮೊದಲು ಗದಗು ಮುಂಬಯಿ ಇಲಾಖೆಯಲ್ಲಿಯೂ, ಕೊಪ್ಪಳ ಯಲಬುರ್ಗಾಗಳು ಸಾಲಾರಜಂಗರ ಜಹಗೀರಿನಲ್ಲಿಯೂ, ಕುಷ್ಟಗಿ ಗಂಗಾವತಿಗಳು ನಿಜಾಮರ ಆಳಿಕೆಯಲ್ಲಿಯೂ ಇದ್ದವು. ರಾಜ್ಯಗಳು ಬೇರೆಯಾದರೂ ಕಿವಿಗಳು ಒಂದೇ ಆಗಿದ್ದವು. ನಮ್ಮ ಪ್ರಾಂತವು 1948ರ ಸಪ್ಟೆಂಬರ 17ರ ದಿನವನ್ನು ವಿಮೋಚನೆಯ ದಿನವೆಂದು ಸ್ಮರಿಸುವುದು. 2010ರಲ್ಲಿ ಅದೇ ದಿನ ಗವಾಯಿಗಳು ದೇಹವನ್ನು ಬಿಟ್ಟರು. ಏಕಾಂಗಿಯಾಗಿ ಹಾಡತೊಡಗುವ ಇಂದಿನ ತರುಣನು ಅವರಿಂದ ಕಲಿಯಬೇಕಾದುದು ಇಷ್ಟೇ: ವಿದ್ಯೆಯನ್ನು ಒಬ್ಬನೇ ಗಳಿಸಬಹುದು, ಒಬ್ಬನೇ ಉಣ್ಣಲಾಗದು.