ಗಿನಿ-ಬಿಸ್ಸಾವಿನ ಗೇರು, ಮಂಗಳೂರಿನ ಗೋಡಂಬಿ

ತುಮಕೂರು ರಸ್ತೆಯಿಂದ ಮಂಗಳೂರಿನ ಹೆದ್ದಾರಿ ಕವಲೊಡೆಯುವುದು ನೆಲಮಂಗಲದಲ್ಲಿ. ಅದರ ಮಗ್ಗುಲಿನ ಊರು ಅರಿಶಿನಕುಂಟೆ. ಶಿರಾಡಿ ಘಾಟಿ ಹತ್ತಿ, ಹಾಸನ, ಕುಣಿಗಲ್ ದಾಟಿ ಬೆಂಗಳೂರಿಗೆ ಬರುವ ಲಾರಿಗಳು ಹಗಲು ರಾತ್ರಿ ಈ ಭಾಗವನ್ನು ಹಾದುಹೋಗುತ್ತವೆ. ಕರಾವಳಿಯ ಮೀನು, ಹೆಂಚು, ಅಡಿಕೆಯ ಜೊತೆಗೆ ಗೋಡಂಬಿಯ ಡಬ್ಬಿಗಳೂ ಈ ದಾರಿಯಲ್ಲೇ ಬರುತ್ತವೆ. ಹಬ್ಬದ ದಿನ ಇಲ್ಲಿನ ಮನೆಗಳಲ್ಲಿ ಪಾಯಸಕ್ಕೆ ಹುರಿದು ಹಾಕುವ ಗೋಡಂಬಿ 'ಮಂಗಳೂರಿನದು' ಎಂದೇ ಅಂಗಡಿಯವರು ಹೇಳುತ್ತಾರೆ. ಅದು ಸುಳ್ಳಲ್ಲ. ಆದರೆ ಅನೇಕ ಸಲ ಅರ್ಧ ಮಾತ್ರ ನಿಜ. ಸಿಪ್ಪೆ ಒಡೆದು ತಿರುಳು ತೆಗೆದದ್ದು ದಕ್ಷಿಣ ಕನ್ನಡದಲ್ಲೋ ಉಡುಪಿಯಲ್ಲೋ ಇರಬಹುದು. ಬೀಜ ಮರದಲ್ಲಿ ಬಲಿತದ್ದು ಪಶ್ಚಿಮ ಆಫ್ರಿಕಾದಲ್ಲಿ, ಅಟ್ಲಾಂಟಿಕ್ ತೀರದ ಯಾವುದೋ ಹಳ್ಳಿಯಲ್ಲಿ.

ಹೀಗೆ ಬೀಜ ಕಳಿಸುವ ದೇಶಗಳಲ್ಲಿ ಐವರಿ ಕೋಸ್ಟ್, ಬೆನಿನ್, ಘಾನಾ ಎಲ್ಲವೂ ಇವೆ. ಐವರಿ ಕೋಸ್ಟ್ ಇಂದು ಜಗತ್ತಿನಲ್ಲೇ ಅತಿ ಹೆಚ್ಚು ಗೇರುಬೀಜ ಬೆಳೆಯುವ ದೇಶ. ಆದರೆ ಅಲ್ಲಿ ಕೋಕೋ ಇದೆ, ಬೇರೆ ಆದಾಯವೂ ಇದೆ. ಗೇರುಬೀಜವೊಂದನ್ನೇ ನಂಬಿ ಬದುಕುತ್ತಿರುವ ದೇಶವೆಂದರೆ ಗಿನಿ-ಬಿಸ್ಸಾವು. ಅದರ ರಫ್ತಿನ ಗಳಿಕೆಯಲ್ಲಿ ಶೇ. 90ರಷ್ಟು ಈ ಒಂದು ಬೆಳೆಯದು. ವರ್ಷಕ್ಕೆ ಸುಮಾರು 2 ಲಕ್ಷ ಟನ್ ಬೆಳೆಯುವ ಆ ದೇಶದ ದೊಡ್ಡ ಗಿರಾಕಿ ಹಿಂದಿನಿಂದಲೂ ಭಾರತ.

ಉತ್ತರಕ್ಕೆ ಸೆನೆಗಲ್, ಪೂರ್ವ ಮತ್ತು ದಕ್ಷಿಣಕ್ಕೆ ಗಿನಿ ಗಣರಾಜ್ಯ, ಪಶ್ಚಿಮಕ್ಕೆ ಕಡಲು. ವಿಸ್ತೀರ್ಣ 36,125 ಚದರ ಕಿಲೋಮೀಟರು, ಅಂದರೆ ಕರ್ನಾಟಕದ ಐದನೇ ಒಂದು ಭಾಗಕ್ಕೂ ಕಡಿಮೆ. ಜನಸಂಖ್ಯೆ 20 ಲಕ್ಷದ ಆಸುಪಾಸು. ನೆಲ ಬಹುಪಾಲು ತಗ್ಗು. ಕಶೇವು, ಜೆಬಾ, ಕೊರುಬಾಲ್ ನದಿಗಳ ಬಾಯಿಯಿಂದ ಭರತದ ನೀರು ಬಹುದೂರ ಒಳನುಗ್ಗುತ್ತದೆ. ತೀರದುದ್ದಕ್ಕೂ ಕಾಂಡ್ಲಾ ಕಾಡು. ಕಡಲಲ್ಲಿ ಬಿಜಗೋಸ್ ದ್ವೀಪಗಳ ಗುಂಪು. 2025ರಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ತಾಣವೆಂದು ಗುರುತಿಸಿತು. ಫುಲಾ, ಬಲಾಂತಾ, ಮಂಡಿಂಗಾ, ಪಾಪೆಲ್, ಮಂಜಾಕೋ ಮೊದಲಾದ ಜನಾಂಗಗಳು ಇಲ್ಲಿವೆ. ಆಡಳಿತ ಭಾಷೆ ಪೋರ್ಚುಗೀಸ್ ಆದರೂ ಜನರನ್ನು ಬೆಸೆದಿರುವುದು ಸಂತೆಯಲ್ಲಿ, ಬಂದರಿನಲ್ಲಿ ಬೆಳೆದ ಕ್ರಿಯೋಲ್ ಎಂಬ ಬೆರಕೆ ನುಡಿ.

ಈ ಬಲಾಂತಾ ರೈತರ ಗದ್ದೆಗಳು ನಮ್ಮ ಉತ್ತರ ಕನ್ನಡದವರಿಗೆ ಅಪರಿಚಿತವೆನಿಸಲಾರವು. ಕುಮಟಾ ತಾಲ್ಲೂಕಿನ ಅಘನಾಶಿನಿ ಅಳಿವೆಯಲ್ಲಿ ಗಜನಿ ಭೂಮಿಗೆ ಕಟ್ಟೆ ಕಟ್ಟಿ, ಮಳೆನೀರಿನಿಂದ ಉಪ್ಪು ತೊಳೆದು ಕಗ್ಗ ಎಂಬ ಭತ್ತ ಬೆಳೆಯುವ ಕ್ರಮವಿದೆ. ಬಲಾಂತಾ ಜನ ಮಾಡುವುದೂ ಅದನ್ನೇ. ಕಾಂಡ್ಲಾ ಕಡಿದು, ಮಣ್ಣಿನ ಒಡ್ಡು ಏರಿಸಿ, ಉದ್ದ ಹಿಡಿಯ ಮರದ ಸಲಿಕೆಯಿಂದ ಕೆಸರು ತಿರುವಿ, ಒಂದೆರಡು ಮಳೆ ಉಪ್ಪನ್ನು ಕೊಚ್ಚಿಕೊಂಡು ಹೋದ ಮೇಲೆ ನಾಟಿ ಮಾಡುತ್ತಾರೆ. ಒಬ್ಬಿಬ್ಬರಿಂದ ಆಗುವ ಕೆಲಸವಲ್ಲ. ಒಡ್ಡು ಒಂದು ಕಡೆ ಒಡೆದರೂ ಇಡೀ ಬಯಲಿಗೆ ಉಪ್ಪುನೀರು. ಊರಿನ ಪ್ರಾಯದ ಹುಡುಗರೆಲ್ಲ ಒಟ್ಟಾಗಿ ದುಡಿಯಬೇಕು. ಅನ್ನ ಈ ದೇಶದ ಮುಖ್ಯ ಆಹಾರ ಎಂಬುದನ್ನು ನೆನಪಿಟ್ಟರೆ ಮುಂದಿನ ಕಥೆ ಅರ್ಥವಾಗುತ್ತದೆ.

ಗೇರು ಆಫ್ರಿಕಾದ್ದೂ ಅಲ್ಲ, ನಮ್ಮದೂ ಅಲ್ಲ. ಅದರ ತವರು ಬ್ರೆಜಿಲ್. ಪೋರ್ಚುಗೀಸರು 16ನೇ ಶತಮಾನದಲ್ಲಿ ಅದನ್ನು ಭಾರತದ ಪಶ್ಚಿಮ ಕರಾವಳಿಗೆ ತಂದರು. ಬ್ರೆಜಿಲ್ಲಿನ ತುಪಿ ಜನರ ಮಾತಿನಿಂದ ಪೋರ್ಚುಗೀಸರು 'ಕಾಜು' ಮಾಡಿಕೊಂಡರು. ಕೊಂಕಣಿ, ಹಿಂದಿಗಳಿಗೂ ಬಿಸ್ಸಾವಿನ ಕ್ರಿಯೋಲಿಗೂ ಬಂದದ್ದು ಅದೇ ಪದ. ಗೋವೆಯವರು ಹಣ್ಣಿನಿಂದ ಫೆನಿ ಇಳಿಸಿದರೆ, ಅಲ್ಲಿನ ಹೆಂಗಸರು ಅದೇ ಹಣ್ಣು ಹಿಂಡಿ ಮದ್ಯ ಮಾಡಿ ಮಾರುತ್ತಾರೆ. ಕಡಲ ಎರಡು ದಂಡೆಯಲ್ಲಿ ಒಂದೇ ಒಡೆಯ ಇದ್ದುದರ ಗುರುತು ಇದು.

ಆ ಒಡೆಯ ಆಫ್ರಿಕಾದ ಈ ತೀರವನ್ನು ಮುಟ್ಟಿದ್ದು 1440ರ ದಶಕದಲ್ಲಿ, ವಾಸ್ಕೋ ಡ ಗಾಮಾ ಕಲ್ಲಿಕೋಟೆಗೆ ಬರುವ ಅರ್ಧ ಶತಮಾನ ಮೊದಲೇ. ಕಶೇವು ಪಟ್ಟಣ ಗುಲಾಮರ ವ್ಯಾಪಾರದ ಬಂದರಾಯಿತು. 20ನೇ ಶತಮಾನದಲ್ಲಿ ವಸಾಹತು ಸರ್ಕಾರಕ್ಕೆ ಬೇಕಾಗಿದ್ದು ನೆಲಗಡಲೆ. ಈ ವ್ಯವಸ್ಥೆಯನ್ನು ಒಳಹೊಕ್ಕು ನೋಡಿದವನು ಅಮಿಲ್ಕಾರ್ ಕಬ್ರಾಲ್. 1924ರಲ್ಲಿ ಬಫಾಟಾದಲ್ಲಿ ಹುಟ್ಟಿ, ಲಿಸ್ಬನ್ನಿನಲ್ಲಿ ಕೃಷಿ ವಿಜ್ಞಾನ ಓದಿದ ಈತ ಸರ್ಕಾರಿ ಕೃಷಿ ಅಧಿಕಾರಿಯಾಗಿ 1953ರಲ್ಲಿ ದೇಶದ ಕೃಷಿ ಗಣತಿ ನಡೆಸಿದ. ಹಳ್ಳಿಹಳ್ಳಿ ತಿರುಗಿ ರೈತ ಏನು ಬೆಳೆಯುತ್ತಾನೆ, ಏನು ಉಣ್ಣುತ್ತಾನೆ ಎಂಬುದನ್ನು ಲೆಕ್ಕವಿಟ್ಟ. ಮೂರು ವರ್ಷದ ನಂತರ ಸ್ವಾತಂತ್ರ್ಯಕ್ಕಾಗಿ ಪಕ್ಷ ಕಟ್ಟಿದ. ಸರ್ಕಾರದ ಖರ್ಚಿನಲ್ಲಿ ನಡೆದ ಗಣತಿಯೇ ಸರ್ಕಾರದ ವಿರುದ್ಧದ ಹೋರಾಟಕ್ಕೆ ನಕ್ಷೆಯಾಯಿತು ಎನ್ನಬಹುದು.

1959ರ ಆಗಸ್ಟ್ 3ರಂದು ಬಿಸ್ಸಾವಿನ ಪಿಜಿಗಿತಿ ಹಡಗುಕಟ್ಟೆಯಲ್ಲಿ ಕೂಲಿ ಹೆಚ್ಚಿಸಲು ಕೇಳಿ ಮುಷ್ಕರ ಹೂಡಿದ ಕಾರ್ಮಿಕರ ಮೇಲೆ ಗುಂಡು ಹಾರಿತು. ಹತ್ತಾರು ಮಂದಿ ಸತ್ತರು. 1961ರ ಡಿಸೆಂಬರಿನಲ್ಲಿ ಭಾರತದ ಸೇನೆ ಗೋವೆಯನ್ನು ಬಿಡಿಸಿಕೊಂಡಾಗ ಪೋರ್ಚುಗಲ್ ಆಫ್ರಿಕಾದ ಮೇಲಿನ ಹಿಡಿತವನ್ನು ಇನ್ನಷ್ಟು ಬಿಗಿ ಮಾಡಿತೇ ಹೊರತು ಪಾಠ ಕಲಿಯಲಿಲ್ಲ. 1963ರಲ್ಲಿ ಆರಂಭವಾದ ಸಶಸ್ತ್ರ ಹೋರಾಟ ಹನ್ನೊಂದು ವರ್ಷ ನಡೆಯಿತು. 1973ರ ಜನವರಿಯಲ್ಲಿ ಕಬ್ರಾಲ್ ಕೊಲೆಯಾದ. ಅದೇ ವರ್ಷ ಸೆಪ್ಟೆಂಬರ್ 24ರಂದು ಸ್ವಾತಂತ್ರ್ಯ ಘೋಷಣೆಯಾಯಿತು. ಮರುವರ್ಷ ಪೋರ್ಚುಗಲ್ಲಿನಲ್ಲೇ ಸೈನಿಕ ಕ್ರಾಂತಿಯಾಗಿ ಹೊಸ ಸರ್ಕಾರ ಅದನ್ನು ಒಪ್ಪಿಕೊಂಡಿತು.

ಯುದ್ಧದ ವರ್ಷಗಳಲ್ಲಿ ಗದ್ದೆಗಳ ಒಡ್ಡುಗಳು ಒಡೆದಿದ್ದವು. ಹಿಂದೆಯೇ ಬರ ಬಂತು. ಹುಡುಗರು ಪಟ್ಟಣಕ್ಕೆ, ಸೆನೆಗಲ್ಲಿಗೆ ಹೋದರು. ಒಡ್ಡು ಕಟ್ಟಲು ಕೈಗಳಿಲ್ಲದ ಮನೆಗೆ ಗೇರು ದೇವರು ಕೊಟ್ಟ ಬೆಳೆಯಂತೆ ಕಂಡಿತು. ನೆಟ್ಟು ಬಿಟ್ಟರೆ ಸಾಕು, ಮೂರು ನಾಲ್ಕು ವರ್ಷದಲ್ಲಿ ಫಲ. ಬಿದ್ದ ಹಣ್ಣು ಹೆಕ್ಕಲು ಹೆಂಗಸರು, ಮಕ್ಕಳು ಸಾಕು. 1980ರ ದಶಕದ ಉತ್ತರಾರ್ಧದಲ್ಲಿ ವ್ಯಾಪಾರ ಮುಕ್ತವಾದ ಮೇಲಂತೂ ಹಳ್ಳಿಯ ಕಾಡು, ಬೀಳುಭೂಮಿಗಳೆಲ್ಲ ಗೇರುತೋಪುಗಳಾದವು.

ಇದೇ ಹೊತ್ತಿಗೆ ನಮ್ಮ ಕರಾವಳಿಗೂ ಬೀಜ ಬೇಕಾಗಿತ್ತು. ಮಂಗಳೂರು, ಕೊಲ್ಲಂಗಳ ಕಾರ್ಖಾನೆಗಳು ಬ್ರಿಟಿಷರ ಕಾಲದಿಂದಲೂ ಪೂರ್ವ ಆಫ್ರಿಕಾದ ಮೊಜಾಂಬಿಕ್, ಟಾಂಜಾನಿಯಾಗಳ ಬೀಜವನ್ನು ನೆಚ್ಚಿದ್ದವು. 1970ರಲ್ಲಿ ಈ ಆಮದಿಗಾಗಿಯೇ ಭಾರತ ಸರ್ಕಾರ ಗೇರು ನಿಗಮವೊಂದನ್ನು ಸ್ಥಾಪಿಸಿತು. ಆದರೆ ಆ ದೇಶಗಳು ತಮ್ಮಲ್ಲೇ ಕಾರ್ಖಾನೆ ತೆರೆದವು, ಬೆಳೆಯೂ ಕುಸಿಯಿತು, ಹಡಗುಗಳು ವಿರಳವಾದವು. ಬೀಜವಿಲ್ಲದೆ ಕಾರ್ಖಾನೆ ಮುಚ್ಚಿದ ದಿನ ಕೂಲಿ ಇಲ್ಲ. ಬೀಜವನ್ನು ಹಬೆಯಲ್ಲಿ ಬೇಯಿಸಿ, ಕೈಕಾಲು ಎರಡರಿಂದಲೂ ನಡೆಸುವ ಕತ್ತರಿಯಲ್ಲಿ ಒಡೆದು, ಬೋರ್ಮಾ ಎಂಬ ಬಿಸಿ ಕೋಣೆಯಲ್ಲಿ ಒಣಗಿಸಿ, ಕೆಂಪು ಹೊಟ್ಟು ಬಿಡಿಸಿ, ಗಾತ್ರ ಬಣ್ಣ ನೋಡಿ ವಿಂಗಡಿಸುವ ಈ ಕೆಲಸದಲ್ಲಿದ್ದವರು ಬಹುಪಾಲು ಹೆಂಗಸರು. ಸಿಪ್ಪೆಯ ಎಣ್ಣೆ ತಗುಲಿದರೆ ಚರ್ಮ ಸುಡುತ್ತದೆ. ಬೆರಳ ತುದಿ ಕಪ್ಪಗಾದ ಹೆಂಗಸರು ಕರಾವಳಿಯ ಊರೂರಲ್ಲಿ ಕಾಣಸಿಗುತ್ತಿದ್ದರು. ಈಗ ಯಂತ್ರಗಳು ಬಂದು ಅನೇಕ ಕೈಗಳನ್ನು ಮನೆಗೆ ಕಳಿಸಿವೆ. 1986ರಲ್ಲಿ ಪುತ್ತೂರಿನಲ್ಲಿ ಗೇರು ಸಂಶೋಧನಾ ಕೇಂದ್ರ ಆರಂಭವಾಯಿತು, ಉಳ್ಳಾಲದ ತಳಿಗಳು ಬಂದವು. ಆದರೂ ದೇಶದ ಬೆಳೆ ಕಾರ್ಖಾನೆಗಳ ಹಸಿವಿನ ಅರ್ಧದ ಆಸುಪಾಸನ್ನು ಮಾತ್ರ ತಣಿಸುತ್ತದೆ. ಆ ಖಾಲಿ ಜಾಗವನ್ನು ತುಂಬಿದ್ದು ಪಶ್ಚಿಮ ಆಫ್ರಿಕಾ.

ನಾಲ್ಕು ಕಿಲೋ ಬೀಜ ಒಡೆದರೆ ಸುಮಾರು ಒಂದು ಕಿಲೋ ತಿರುಳು. ಒಡೆಯುವ ಕೂಲಿ, ತಿರುಳಿನ ಲಾಭ, ಬಣ್ಣಕ್ಕೂ ಬ್ರೇಕಿಗೂ ಬಳಕೆಯಾಗುವ ಸಿಪ್ಪೆಯ ಎಣ್ಣೆ ಎಲ್ಲವೂ ಬೀಜ ಒಡೆದವರ ಪಾಲು. ಗಿನಿ-ಬಿಸ್ಸಾವು ತನ್ನ ಬೆಳೆಯಲ್ಲಿ ಬಹಳ ಸ್ವಲ್ಪ ಭಾಗವನ್ನಷ್ಟೇ ತಾನೇ ಒಡೆಯುತ್ತದೆ. ಕಾರಣ ಕೇಳಿದರೆ ಬಂಡವಾಳವಿಲ್ಲ, ವಿದ್ಯುತ್ತಿಲ್ಲ ಎಂಬ ಉತ್ತರ ಬರುತ್ತದೆ. ಬಿಸ್ಸಾವು ನಗರಕ್ಕೆ ಬೆಳಕು ಕೊಡುತ್ತಿದ್ದದ್ದು ಬಂದರಿನಲ್ಲಿ ಲಂಗರು ಹಾಕಿದ ಟರ್ಕಿಯ ವಿದ್ಯುತ್ ಹಡಗು. 2023ರ ಅಕ್ಟೋಬರಿನಲ್ಲಿ ಬಾಕಿ ಹಣಕ್ಕಾಗಿ ಅದು ಸ್ವಿಚ್ ಆರಿಸಿದಾಗ ರಾಜಧಾನಿಯೇ ಕತ್ತಲಾಯಿತು.

ಸರ್ಕಾರದ ಮಾತು ಹೇಳುವುದಾದರೆ, ಅಧ್ಯಕ್ಷ, ಪ್ರಧಾನಿ ಇಬ್ಬರೂ ಇರುವ ಪದ್ಧತಿ. ಇಬ್ಬರ ಜಗಳ ಸಾಮಾನ್ಯ. ಮೂರನೆಯವನಾಗಿ ಸೇನೆ ಬರುವುದೂ ಸಾಮಾನ್ಯ. 1980ರಲ್ಲಿ ಕಬ್ರಾಲನ ತಮ್ಮ, ಮೊದಲ ಅಧ್ಯಕ್ಷ ಲೂಯಿಸ್ ಕಬ್ರಾಲ್ ಪದಚ್ಯುತನಾದ. ಅವನನ್ನು ಇಳಿಸಿದ ವಿಯೆರಾ 1994ರ ಮೊದಲ ಬಹುಪಕ್ಷ ಚುನಾವಣೆಯಲ್ಲಿ ಗೆದ್ದು, ಅಂತರ್ಯುದ್ಧದಲ್ಲಿ ಅಧಿಕಾರ ಕಳೆದುಕೊಂಡು, 2005ರಲ್ಲಿ ಮರಳಿ ಗೆದ್ದು, 2009ರಲ್ಲಿ ಸೈನಿಕರ ಗುಂಡಿಗೆ ಬಲಿಯಾದ. 2003, 2012ರಲ್ಲಿ ಮತ್ತೆ ಕ್ಷಿಪ್ರಕ್ರಾಂತಿ. ಚುನಾಯಿತನಾಗಿ ಅವಧಿ ಪೂರೈಸಿದ ಮೊದಲ ಅಧ್ಯಕ್ಷನೆಂದರೆ 2014ರಲ್ಲಿ ಬಂದ ಜೋಸೆ ಮಾರಿಯೋ ವಾಜ್. 2025ರ ನವೆಂಬರಿನಲ್ಲಿ ಅಧ್ಯಕ್ಷ ಚುನಾವಣೆಯ ಫಲಿತಾಂಶ ಹೊರಬೀಳುವ ಮುನ್ನವೇ ಸೇನೆ ಮತ್ತೆ ಅಧಿಕಾರ ಹಿಡಿಯಿತು.

ಈ ವಾಜ್ 2018ರಲ್ಲಿ ರೈತನಿಗೆ ಕಿಲೋ ಬೀಜಕ್ಕೆ ಕನಿಷ್ಠ 1,000 ಸಿಎಫ್‌ಎ ಫ್ರಾಂಕ್ ಸಿಗಬೇಕೆಂದು ಸಾರಿದ. ವ್ಯಾಪಾರಿಗಳು ಕೊಳ್ಳಲೇ ಇಲ್ಲ. ಕೊನೆಗೆ ಬೆಲೆಯನ್ನು ಇಳಿಸಬೇಕಾಯಿತು. ಉದ್ದೇಶವೇನೋ ಒಳ್ಳೆಯದೇ; ಆದರೆ ಬೇರೆ ಸರಕಿಲ್ಲದ ಮಾರಾಟಗಾರ, ಬೇರೆ ದೇಶಕ್ಕೆ ಹೋಗಬಲ್ಲ ಗಿರಾಕಿ, ಇಬ್ಬರ ನಡುವೆ ಬೆಲೆ ಕಟ್ಟುವವರು ಯಾರೆಂಬುದು ಯಾವ ಸಂತೆಯಲ್ಲೂ ಗೊತ್ತಿರುವ ವಿಚಾರ. 2020ರಲ್ಲಿ ಕೊರೊನಾ ಕಾರಣ ವಿದೇಶಿ ವ್ಯಾಪಾರಿಗಳು ಸಕಾಲಕ್ಕೆ ಬರಲಿಲ್ಲ; ಸುಗ್ಗಿಯ ವ್ಯಾಪಾರ ತಡವಾಗಿ, ಬೆಲೆ ಬಿತ್ತು.

ಹಳ್ಳಿಯಲ್ಲಿ ಈ ಏರಿಳಿತ ಅಕ್ಕಿಯ ಲೆಕ್ಕದಲ್ಲೇ ತಿಳಿಯುವುದು. ಅಲ್ಲಿ ಬೀಜ ಕೊಟ್ಟು ಆಮದು ಅಕ್ಕಿ ಪಡೆಯುವ ವಿನಿಮಯ ಬಹುಕಾಲ ನಡೆದು ಬಂದಿದೆ. ಬೆಲೆ ಚೆನ್ನಾಗಿದ್ದ ವರ್ಷ ಕಿಲೋಗೆ ಕಿಲೋ. ಕುಸಿದ ವರ್ಷ ಒಂದು ಕಿಲೋ ಅಕ್ಕಿಗೆ ಎರಡು ಕಿಲೋ ಬೀಜ ಕೊಟ್ಟರೂ ಸಾಲದು. ಆ ಅಕ್ಕಿ ಬರುವುದೂ ಏಷ್ಯಾದಿಂದಲೇ. 2023ರ ಜುಲೈಯಲ್ಲಿ ಭಾರತ ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತನ್ನು ನಿಷೇಧಿಸಿದಾಗ ಪಶ್ಚಿಮ ಆಫ್ರಿಕಾದ ಪೇಟೆಗಳಿಗೂ ಬಿಸಿ ತಟ್ಟಿತು. ಮರುವರ್ಷ ಸೆಪ್ಟೆಂಬರಿನಲ್ಲಿ ಆ ನಿಷೇಧ ತೆರವಾಯಿತು.

ಅಲ್ಲಿ ಬೀಜ ಹೆಕ್ಕುವ ಕಾಲ ಏಪ್ರಿಲಿನಿಂದ ಜೂನ್. ಆಮೇಲೆ ಮಳೆ ಹಿಡಿಯುತ್ತದೆ. ಹೊಸ ಭತ್ತ ಕೈಗೆ ಬರುವುದು ವರ್ಷದ ಕೊನೆಗೆ. ನಡುವಿನ ತಿಂಗಳುಗಳನ್ನು ಬೀಜ ಕೊಟ್ಟು ತಂದಿಟ್ಟ ಅಕ್ಕಿಯಲ್ಲಿ ತಳ್ಳಬೇಕು. ಆ ಬೀಜದ ಚೀಲಗಳು ತಿಂಗಳಿಗೂ ಮೀರಿದ ಕಡಲಯಾನ ಮುಗಿಸಿ ಪಣಂಬೂರಿನ ನವಮಂಗಳೂರು ಬಂದರಿನಲ್ಲಿ ಇಳಿಯುವ ಹೊತ್ತಿಗೆ ಇಲ್ಲಿಯೂ ಮಳೆಗಾಲ. ಕಾರ್ಖಾನೆಗಳು ದೀಪಾವಳಿಯ ಬೇಡಿಕೆಗೆ ಸಿದ್ಧವಾಗುತ್ತಿರುತ್ತವೆ.