ವಿಡಿಯೊ ಕುಗ್ಗಿದ ಕಥೆ: ಐದು ದಶಕಗಳ ಹಿನ್ನೋಟ

ಶಾಲೆಯ ಸುವರ್ಣ ಮಹೋತ್ಸವದ ಸಂಚಿಕೆಗೆ ‘ನಿನ್ನ ಕ್ಷೇತ್ರದ ಬಗ್ಗೆ ಎಲ್ಲರಿಗೂ ತಿಳಿಯುವ ಹಾಗೆ ಏನಾದರೂ ಬರೆದುಕೊಡು’ ಎಂದು ಗುರುಗಳು ಹೇಳಿದಾಗ ನನಗೆ ಮೊದಲು ಹೊಳೆದದ್ದು ವಿಡಿಯೊ ಕಂಪ್ರೆಷನ್, ಅಂದರೆ ಚಲಿಸುವ ಚಿತ್ರವನ್ನು ಕುಗ್ಗಿಸುವ ತಂತ್ರ. ಬೆಂಗಳೂರಿನ ಕಂಪನಿಯೊಂದರಲ್ಲಿ ಸಾಫ್ಟ್‌ವೇರ್ ಎಂಜಿನಿಯರ್ ಆಗಿ ನಾನು ಮಾಡುವುದು ಇದೇ ಕೆಲಸ. ಇನ್ನೊಂದು ಕಾರಣವೂ ಇದೆ. ಈ ತಂತ್ರದ ಬುಡದಲ್ಲಿರುವ ಲೆಕ್ಕಕ್ಕೂ ನಮ್ಮ ಶಾಲೆಗೂ ಹೆಚ್ಚುಕಡಿಮೆ ಒಂದೇ ವಯಸ್ಸು. ಆ ಲೆಕ್ಕವನ್ನು ಯೋಚಿಸಿದವರು ಬೆಂಗಳೂರಿನಲ್ಲಿ ಹುಟ್ಟಿ, ಬೆಂಗಳೂರಿನಲ್ಲೇ ಎಂಜಿನಿಯರಿಂಗ್ ಓದಿದವರು.

ಕುಗ್ಗಿಸುವ ಅಗತ್ಯವಾದರೂ ಏನು? ಇಂದಿನ ಮೊಬೈಲಿನ ಸಾಮಾನ್ಯ ಎಚ್‌ಡಿ ವಿಡಿಯೊದ ಒಂದೊಂದು ಚಿತ್ರದಲ್ಲೂ ಅಡ್ಡಲಾಗಿ 1920, ಮೇಲಿನಿಂದ ಕೆಳಗೆ 1080, ಒಟ್ಟು 20 ಲಕ್ಷಕ್ಕೂ ಹೆಚ್ಚು ಚುಕ್ಕಿಗಳಿರುತ್ತವೆ. ಪ್ರತಿ ಚುಕ್ಕಿಯ ಬಣ್ಣ ಬರೆದಿಡಲು 3 ಬೈಟ್ ಬೇಕು. ಸೆಕೆಂಡಿಗೆ 25 ಚಿತ್ರವೆಂದರೆ ಸುಮಾರು 15.5 ಕೋಟಿ ಬೈಟ್. ಇದನ್ನು ಹಾಗೆಯೇ ಕಳುಹಿಸಿದರೆ ದಿನಕ್ಕೆ 1.5 ಜಿಬಿ ಕೊಡುವ ಮೊಬೈಲ್ ಪ್ಯಾಕ್ 10 ಸೆಕೆಂಡಿನೊಳಗೆ ಖಾಲಿಯಾಗುತ್ತದೆ. ಒಂದು ಗಂಟೆಯ ವಿಡಿಯೊಗೆ 560 ಜಿಬಿ ಬೇಕು. ಅದೇ ವಿಡಿಯೊವನ್ನು ಕುಗ್ಗಿಸಿದಾಗ ಎರಡು ಜಿಬಿಗಿಂತ ಕಡಿಮೆಯಲ್ಲಿ ಚೆನ್ನಾಗಿಯೇ ಕಾಣುತ್ತದೆ. ನಮ್ಮೂರಿಗೆ ವಿಡಿಯೊ ತಲುಪಿದ್ದು ಟವರ್‌ಗಳಿಂದ ಎಂದು ನಾವು ತಿಳಿದಿದ್ದೇವೆ. ಅದು ನಿಜದ ಅರ್ಧ ಭಾಗ. ಉಳಿದರ್ಧ ಈ ಕುಗ್ಗಿಸುವ ಲೆಕ್ಕದ್ದು.

ಕುಗ್ಗಿಸುವುದೆಂದರೆ ಮೂರು ಕೆಲಸ. ಮೊದಲನೆಯದು, ಬದಲಾಗದ್ದನ್ನು ಮತ್ತೆ ಹೇಳದಿರುವುದು. ನಾಟಕದಲ್ಲಿ ಹಿಂದಿನ ಪರದೆ ಹಾಗೆಯೇ ಇರುತ್ತದೆ, ಪಾತ್ರಧಾರಿ ಮಾತ್ರ ಓಡಾಡುತ್ತಾನೆ. ಪ್ರತಿ ಚಿತ್ರದಲ್ಲೂ ಪರದೆಯನ್ನು ಹೊಸದಾಗಿ ಕಳುಹಿಸುವ ಬದಲು ‘ಈ ತುಂಡು ಇಷ್ಟು ಚುಕ್ಕಿ ಬಲಕ್ಕೆ ಸರಿಯಿತು’ ಎಂದರೆ ಸಾಕು. ಒಂದು ಚಿತ್ರಕ್ಕೂ ಮುಂದಿನ ಚಿತ್ರಕ್ಕೂ ಇರುವ ವ್ಯತ್ಯಾಸವನ್ನಷ್ಟೇ ಕಳುಹಿಸಬಹುದೆಂದು ರೇ ಕೆಲ್ ಎಂಬ ಅಮೆರಿಕದ ಎಂಜಿನಿಯರ್ 1929ರಲ್ಲೇ ಪೇಟೆಂಟ್‌ನಲ್ಲಿ ಬರೆದಿದ್ದರು. ಆಗ ಟಿವಿಯೇ ಇನ್ನೂ ತೊಟ್ಟಿಲಲ್ಲಿತ್ತು.

ಎರಡನೆಯದು, ಹೆಚ್ಚು ಬಳಸುವುದಕ್ಕೆ ಚಿಕ್ಕ ಹೆಸರು ಕೊಡುವುದು. ದಿನಕ್ಕೆ ಹತ್ತು ಸಲ ಕರೆಯುವ ಮಂಜುನಾಥ ಮನೆಯಲ್ಲಿ ‘ಮಂಜ’ ಆಗುತ್ತಾನೆ. ವರ್ಷಕ್ಕೊಮ್ಮೆ ಬರುವ ನೆಂಟರನ್ನು ಪೂರ್ತಿ ಹೆಸರು ಹಿಡಿದೇ ಕರೆಯುತ್ತೇವೆ. ಪದೇ ಪದೇ ಬರುವ ಅಂಕಿಗೆ ಚಿಕ್ಕ ಸಂಕೇತ, ಅಪರೂಪದ್ದಕ್ಕೆ ಉದ್ದನೆಯದು ಎಂಬ ಈ ಕ್ರಮಕ್ಕೆ ಅತ್ಯುತ್ತಮ ವಿಧಾನವನ್ನು ಕಂಡುಕೊಂಡವರು ಡೇವಿಡ್ ಹಫ್‌ಮನ್. ಎಂಐಟಿಯಲ್ಲಿ ವಿದ್ಯಾರ್ಥಿಯಾಗಿದ್ದಾಗ ಅವರು ಕಂಡುಕೊಂಡ ಈ ವಿಧಾನ 1952ರಲ್ಲಿ ಪ್ರಕಟವಾಯಿತು.

ಮೂರನೆಯದು ಎಲ್ಲಕ್ಕಿಂತ ಕಷ್ಟದ್ದು. ಕಣ್ಣಿಗೆ ಕಾಣದ್ದನ್ನು ಬಿಡುವುದು. ನಮ್ಮ ಕಣ್ಣು ಬೆಳಕಿನ ವ್ಯತ್ಯಾಸವನ್ನು ಸೂಕ್ಷ್ಮವಾಗಿ ಗುರುತಿಸುತ್ತದೆ, ಬಣ್ಣದ ವ್ಯತ್ಯಾಸವನ್ನು ಅಷ್ಟಾಗಿ ಗುರುತಿಸುವುದಿಲ್ಲ. ದೊಡ್ಡ ಆಕಾರ ತಕ್ಷಣ ಕಾಣುತ್ತದೆ, ತೀರ ನುಣುಪಾದ ವಿವರ ತಪ್ಪಿಹೋಗುತ್ತದೆ. ಆದರೆ ಚಿತ್ರದಲ್ಲಿ ಇವೆಲ್ಲ ಕಲಸಿಕೊಂಡಿರುತ್ತವೆ. ಬಿಡಬೇಕಾದದ್ದನ್ನು ಬಿಡಲು ಮೊದಲು ಬೇರ್ಪಡಿಸಬೇಕಲ್ಲ? ಕಣದಲ್ಲಿ ರಾಗಿ ತೂರಿದರೆ ಕಾಳು ಒಂದು ಕಡೆ, ಹೊಟ್ಟು ಒಂದು ಕಡೆ ಬೀಳುವಂತೆ ಚಿತ್ರವನ್ನೂ ತೂರುವ ಒಂದು ಲೆಕ್ಕ ಬೇಕಿತ್ತು.

ಅದನ್ನು ಕೊಟ್ಟವರು ನಾಸಿರ್ ಅಹ್ಮದ್. 1940ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಅವರು 1961ರಲ್ಲಿ, ಇಂದು ಯುವಿಸಿಇ ಎಂದು ಕರೆಯುವ ಕಾಲೇಜಿನಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಮುಗಿಸಿದರು. ಅಮೆರಿಕಕ್ಕೆ ಹೋಗಿ 1966ರಲ್ಲಿ ನ್ಯೂ ಮೆಕ್ಸಿಕೊ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಪಡೆದು, ಮುಂದೆ ಕಾನ್ಸಾಸ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾದರು. 1972ರಲ್ಲಿ ಕೊಸೈನ್ ಅಲೆಗಳನ್ನು ಬಳಸಿ ಚಿತ್ರವನ್ನು ಬಿಡಿಸುವ ಯೋಜನೆಯೊಂದನ್ನು ಬರೆದು, ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ಬಳಿ ಧನಸಹಾಯ ಕೇಳಿದರು. ಹಣ ಸಿಗಲಿಲ್ಲ. ಈ ವಿಚಾರ ತೀರಾ ಸರಳವಾಯಿತು ಎಂಬುದು ಪರಿಶೀಲಿಸಿದವರೊಬ್ಬರ ಅಭಿಪ್ರಾಯವಾಗಿತ್ತೆಂದು ಅಹ್ಮದ್ ಅವರೇ ಮುಂದೆ ನೆನಪಿಸಿಕೊಂಡಿದ್ದಾರೆ.

ಅವರು ಕೆಲಸ ನಿಲ್ಲಿಸಲಿಲ್ಲ. ಪಿಎಚ್‌ಡಿ ವಿದ್ಯಾರ್ಥಿ ಟಿ. ನಟರಾಜನ್ ಮತ್ತು ಟೆಕ್ಸಾಸ್‌ನಲ್ಲಿದ್ದ ಗೆಳೆಯ ಕೆ. ಆರ್. ರಾವ್ ಅವರೊಂದಿಗೆ ಸೇರಿ ಲೆಕ್ಕವನ್ನು ಪೂರ್ತಿ ಮಾಡಿದರು. 1974ರ ಜನವರಿಯಲ್ಲಿ ಪ್ರಕಟವಾದ ಆ ಪ್ರಬಂಧ ಕೇವಲ 4 ಪುಟಗಳದ್ದು. ಮೂವರು ಲೇಖಕರೂ ಭಾರತದಿಂದ ಹೋದವರು. ‘ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್’, ಚಿಕ್ಕದಾಗಿ ಡಿಸಿಟಿ, ಅದರ ಹೆಸರು.

ಅದು ಕೆಲಸ ಮಾಡುವ ರೀತಿ ಹೀಗೆ. ಚಿತ್ರವನ್ನು 8 ಚುಕ್ಕಿ ಅಗಲ, 8 ಚುಕ್ಕಿ ಎತ್ತರದ ಚೌಕಗಳಾಗಿ ಕತ್ತರಿಸಿಕೊಳ್ಳುವುದು. ಚೌಕದ 64 ಚುಕ್ಕಿಗಳ ಬದಲು 64 ಹೊಸ ಅಂಕಿಗಳು ಸಿಗುತ್ತವೆ. ಮೊದಲನೆಯದು ಚೌಕದ ಒಟ್ಟಾರೆ ಬೆಳಕನ್ನು ಹೇಳುತ್ತದೆ, ನಂತರದವು ನಿಧಾನವಾದ ಏರಿಳಿತವನ್ನು, ಕೊನೆಯವು ಅತಿ ಸೂಕ್ಷ್ಮ ವಿವರವನ್ನು. ಸಾಮಾನ್ಯ ಚಿತ್ರಗಳಲ್ಲಿ ತೂಕವೆಲ್ಲ ಮೊದಲ ಕೆಲವು ಅಂಕಿಗಳಲ್ಲೇ ಇರುತ್ತದೆ. ಕೊನೆಯ ಅಂಕಿಗಳನ್ನು ಸೊನ್ನೆ ಮಾಡಿದರೂ ಕಣ್ಣಿಗೆ ಅಷ್ಟಾಗಿ ತಿಳಿಯುವುದಿಲ್ಲ. ‘ಸೈನ್, ಕೊಸೈನ್ ಕಲಿತು ಏನಾಗಬೇಕು ಸಾರ್?’ ಎಂದು ಹತ್ತನೆಯ ತರಗತಿಯ ಮಕ್ಕಳು ಕೇಳಿದರೆ ನಮ್ಮ ಗಣಿತದ ಮೇಷ್ಟ್ರು ಅವರದೇ ಮನೆಯ ಮೊಬೈಲನ್ನು ತೋರಿಸಬಹುದು. ಈ ಸಂಚಿಕೆಗೆ ನಾವೆಲ್ಲ ಕಳುಹಿಸಿದ ಜೆಪೆಗ್ ಫೋಟೊಗಳೂ ಇದೇ ಲೆಕ್ಕದಿಂದ ಕುಗ್ಗಿದವು. ಆ ಮಾನದಂಡ 1992ರದ್ದು.

ಲೆಕ್ಕ ಸಿಕ್ಕರೆ ಸಾಲದು. ಕಳುಹಿಸುವ ಯಂತ್ರ ಮತ್ತು ತೋರಿಸುವ ಯಂತ್ರ ಒಂದೇ ಭಾಷೆ ಆಡಬೇಕು. 1988ರಲ್ಲಿ ವಿಡಿಯೊ ಕರೆಗಳಿಗಾಗಿ ಎಚ್.261 ಎಂಬ ಅಂತರರಾಷ್ಟ್ರೀಯ ಮಾನದಂಡ ಒಪ್ಪಿಗೆ ಪಡೆಯಿತು. ವ್ಯತ್ಯಾಸವನ್ನಷ್ಟೇ ಕಳುಹಿಸುವುದು, ಡಿಸಿಟಿ, ಚಿಕ್ಕ ಸಂಕೇತ ಈ ಮೂರೂ ಅದರಲ್ಲಿ ಒಟ್ಟುಗೂಡಿದವು. ಅದೇ ವರ್ಷ ಇಟಲಿಯ ಲಿಯೊನಾರ್ಡೊ ಕಿಯರಿಲ್ಯೋನೆ ಮತ್ತು ಜಪಾನಿನ ಹಿರೋಷಿ ಯಸುದಾ ಅವರ ಮುಂದಾಳತ್ವದಲ್ಲಿ ಎಂಪೆಗ್ ಎಂಬ ತಜ್ಞರ ಗುಂಪು ಹುಟ್ಟಿತು. ಅಲ್ಲಿಂದ ಮುಂದಿನ ಕಥೆಯನ್ನು ನಮ್ಮೂರಿನ ಬೀದಿಯಲ್ಲೇ ನಿಂತು ಹೇಳಬಹುದು.

1993ರಲ್ಲಿ ಎಂಪೆಗ್-1 ಬಂತು, ಅದರಿಂದ ವಿಸಿಡಿ ಬಂತು. ಕುಗ್ಗಿಸದಿದ್ದರೆ ಒಂದು ಸಿಡಿ ಮೂರು ನಿಮಿಷದ ಚಿತ್ರಕ್ಕೇ ತುಂಬಿಹೋಗುತ್ತಿತ್ತು. ಕುಗ್ಗಿಸಿದ್ದರಿಂದ 74 ನಿಮಿಷ ಹಿಡಿಯಿತು. ನಾವು ಹೈಸ್ಕೂಲಿನಲ್ಲಿದ್ದಾಗ ಗಣೇಶನ ಪೆಂಡಾಲಿನ ಮುಂದೆ ಟಿವಿ, ಪ್ಲೇಯರ್ ಬಾಡಿಗೆಗೆ ತಂದು ರಾತ್ರಿಯಿಡೀ ಸಿನಿಮಾ ನೋಡುತ್ತಿದ್ದುದು ಇದರಲ್ಲೇ. ಸಿಡಿಗೆ ಗೀರು ಬಿದ್ದಿದ್ದರೆ ನಾಯಕನ ಮುಖ ಚೌಕ ಚೌಕವಾಗಿ ಒಡೆದುಹೋಗುತ್ತಿತ್ತು, ಹುಡುಗರು ಸಿಡಿಯನ್ನು ಅಂಗಿಗೆ ಒರೆಸಿ ಮತ್ತೆ ಹಾಕುತ್ತಿದ್ದರು. ಆ ಚೌಕಗಳೇ ಚಿತ್ರವನ್ನು ಕತ್ತರಿಸಿದ ತುಂಡುಗಳೆಂದು ನನಗೆ ತಿಳಿದದ್ದು ಬಿಇ ಓದುವಾಗ.

ಎಂಪೆಗ್-2 ಡಿವಿಡಿಗೂ ಡಿಜಿಟಲ್ ಟಿವಿಗೂ ದಾರಿ ಮಾಡಿತು. ಮೊದಲು ಒಂದು ಚಾನೆಲ್ ಹೋಗುತ್ತಿದ್ದ ಉಪಗ್ರಹದ ಜಾಗದಲ್ಲಿ ಈಗ ಹಲವು ಚಾನೆಲ್‌ಗಳು ಹಿಡಿದವು. 2004ರ ಡಿಸೆಂಬರಿನಲ್ಲಿ ದೂರದರ್ಶನದ ಡಿಡಿ ಡೈರೆಕ್ಟ್ ಪ್ಲಸ್ ಶುರುವಾದ ಮೇಲೆ ಕೇಬಲ್ ಬಾರದ ಊರುಗಳ ಮಾಳಿಗೆಯ ಮೇಲೂ ಸಣ್ಣ ಡಿಶ್ ಬಂತು, ತಿಂಗಳ ಬಾಡಿಗೆ ಇಲ್ಲದೆ. ಅನಂತರ ಮೆಮೊರಿ ಕಾರ್ಡಿಗೆ ಹಾಡು ತುಂಬಿಸಿಕೊಡುವ ಮೊಬೈಲ್ ಅಂಗಡಿಗಳ ಕಾಲ. ಅಂಗೈ ಅಗಲಕ್ಕೂ ಕಡಿಮೆ ಇದ್ದ ಆ 3ಜಿಪಿ ವಿಡಿಯೊಗಳ ಹಿಂದೆ ಸಾಮಾನ್ಯವಾಗಿ ಇದ್ದದ್ದು ಎಚ್.263.

2003ರಲ್ಲಿ ಬಂದ ಎಚ್.264 ಎಂಪೆಗ್-2ಕ್ಕೆ ಬೇಕಾಗಿದ್ದ ಗಾತ್ರದ ಸುಮಾರು ಅರ್ಧದಲ್ಲಿ ಅಷ್ಟೇ ಒಳ್ಳೆಯ ಚಿತ್ರ ಕೊಟ್ಟಿತು. ಅದನ್ನು ರೂಪಿಸಿದ ಜಂಟಿ ತಂಡದ ಮುಖ್ಯಸ್ಥರಲ್ಲಿ ಗ್ಯಾರಿ ಸುಲಿವನ್, ಥಾಮಸ್ ವೀಗಾಂಡ್ ಜೊತೆಗೆ ಅಜಯ್ ಲೂಥ್ರಾ ಅವರೂ ಇದ್ದರು. ಇಂದು ಸ್ಮಾರ್ಟ್‌ಫೋನ್, ಸಿಸಿ ಕ್ಯಾಮೆರಾ, ವಾಟ್ಸ್ಆ್ಯಪ್ ವಿಡಿಯೊ ಎಲ್ಲ ಕಡೆ ಕಾಣುವುದು ಹೆಚ್ಚಾಗಿ ಇದೇ. 2013ರ ಎಚ್.265 ಗಾತ್ರವನ್ನು ಮತ್ತೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸಿತು. ಆದರೆ ಅದರ ಪೇಟೆಂಟ್ ಶುಲ್ಕ ಹಲವರ ಕೈಯಲ್ಲಿ ಹಂಚಿಹೋಗಿ ಗೊಂದಲವಾಯಿತು. ಗೂಗಲ್, ಮೊಜಿಲ್ಲಾ, ನೆಟ್‌ಫ್ಲಿಕ್ಸ್ ಮೊದಲಾದವರು 2015ರಲ್ಲಿ ಒಕ್ಕೂಟ ಕಟ್ಟಿ, 2018ರಲ್ಲಿ ಶುಲ್ಕವಿಲ್ಲದೆ ಬಳಸಬಹುದಾದ ಎವಿ1 ಹೊರತಂದರು.

ಇದರಿಂದ ಯಾರಿಗೆ ಏನು ಲಾಭ ಎಂಬುದು 2020ರಲ್ಲಿ ಎದ್ದು ಕಂಡಿತು. ಲಾಕ್‌ಡೌನ್ ಆದ ಮಾರ್ಚ್ ತಿಂಗಳಲ್ಲಿ, ಜಾಲದ ಮೇಲೆ ಭಾರ ಬೀಳದಿರಲೆಂದು ವಿಡಿಯೊ ಕಂಪನಿಗಳು ಭಾರತದ ಮೊಬೈಲ್ ಜಾಲಗಳಲ್ಲಿ ಗುಣಮಟ್ಟವನ್ನು 480ಕ್ಕೆ ಇಳಿಸಲು ಒಪ್ಪಿಕೊಂಡವು. ಶಾಲೆಗಳು ಮುಚ್ಚಿದ್ದಾಗ ಚಂದನ ವಾಹಿನಿಯಲ್ಲಿ ‘ಸಂವೇದ’ ಪಾಠಗಳು ಬಂದವು. ಸಿಗ್ನಲ್ ಹುಡುಕಿ ಗುಡ್ಡ ಹತ್ತಿದ ಮಕ್ಕಳಿಗೆ ಚಿತ್ರದ ಗಾತ್ರ ಅರ್ಧವಾಗುವುದೆಂದರೆ ಪಾಠ ನಿಲ್ಲದೆ ನಡೆಯುವುದು ಎಂದೇ ಅರ್ಥ. ಆದರೆ ಹೊಸ ವಿಧಾನ ಹೆಚ್ಚು ಲೆಕ್ಕ ಕೇಳುತ್ತದೆ. ಅದಕ್ಕೆ ಬೇಕಾದ ಚಿಪ್ ಮೊದಲು ಬರುವುದು ದುಬಾರಿ ಫೋನುಗಳಿಗೆ. ಚಿಪ್ ಇಲ್ಲದ ಹಳೆಯ ಫೋನ್ ಬಿಸಿಯಾಗುತ್ತದೆ, ಬ್ಯಾಟರಿ ಬೇಗ ಇಳಿಯುತ್ತದೆ. ಡೇಟಾ ಉಳಿತಾಯ ಯಾರಿಗೆ ಹೆಚ್ಚು ಬೇಕೋ ಅವರಿಗೇ ಅದು ಕೊನೆಗೆ ತಲುಪುತ್ತದೆ. ಹಾಗಾಗಿಯೇ ಹಳೆಯ ಎಚ್.264 ಇಂದಿಗೂ ಬದುಕಿದೆ. ನಮ್ಮ ಕಸುಬಿನವರು ಅದನ್ನು ಬೇಗ ಕೈಬಿಡಬಾರದೆಂಬುದು ನನ್ನ ಅಭಿಪ್ರಾಯ.

ಕೊನೆಯದಾಗಿ ಹಳೆಯ ವಿದ್ಯಾರ್ಥಿಗಳಲ್ಲಿ ಒಂದು ವಿನಂತಿ. ಕುಗ್ಗಿಸುವಾಗ ಬಿಟ್ಟದ್ದು ಮರಳಿ ಬರುವುದಿಲ್ಲ. ವಾಟ್ಸ್ಆ್ಯಪ್‌ನಲ್ಲಿ ಕಳುಹಿಸುವಾಗ ಕ್ಯಾಮೆರಾದ ವಿಡಿಯೊ ಇನ್ನಷ್ಟು ಕುಗ್ಗುತ್ತದೆ. ಇಂದು ವೇದಿಕೆಯ ಮೇಲಿನವರ ಮುಖ ಕಂಡರೆ ನಮಗೆ ಸಾಕು. ಐವತ್ತು ವರ್ಷದ ನಂತರ ಯಾರೋ ಮೊಮ್ಮಗಳು ಹಿಂದಿನ ಸಾಲಿನಲ್ಲಿ ಕುಳಿತ ತನ್ನ ಅಜ್ಜಿಯನ್ನು ಹುಡುಕುತ್ತಾಳೆ. ಯಾವುದು ಬೇಡವೆಂದು ಯಂತ್ರ ತೀರ್ಮಾನಿಸುವುದು ಇಂದಿನ ನೋಡುಗರ ಕಣ್ಣಿಗೆ ತಕ್ಕಂತೆ. ನಾಳೆ ಹುಡುಕುವವರು ಅದಕ್ಕೆ ಗೊತ್ತಿಲ್ಲ. ಆದ್ದರಿಂದ ಮಹೋತ್ಸವದ ಮೂಲ ವಿಡಿಯೊಗಳನ್ನು ಕ್ಯಾಮೆರಾದಿಂದ ಇಳಿಸಿದಂತೆಯೇ ಎರಡು ಹಾರ್ಡ್‌ಡಿಸ್ಕ್‌ಗಳಲ್ಲಿ ಇಟ್ಟು, ಒಂದನ್ನು ಶಾಲೆಗೆ, ಇನ್ನೊಂದನ್ನು ಹಳೆಯ ವಿದ್ಯಾರ್ಥಿಗಳ ಸಂಘಕ್ಕೆ ಒಪ್ಪಿಸೋಣ. ಆ ಡಿಸ್ಕ್‌ಗಳ ಖರ್ಚು ಮತ್ತು ಪ್ರತಿ ವರ್ಷ ಅವನ್ನು ತೆರೆದು ಪರೀಕ್ಷಿಸುವ ಕೆಲಸ ನನ್ನದಿರಲಿ.